ಹತ್ತನೆಯ ಸಹಿ

"ಇಲ್ಲೇ ತಾನೆ, ಈ ಗೆರೆ ಮೇಲೆ?" ಎಂದು ಕೇಳುತ್ತ ಮಿಸೆಸ್ ಡಕ್ವರ್ತ್ ಹಿಟ್ಟು ಮೆತ್ತಿದ್ದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಎನಿಡ್ ಥ್ರೆಲ್‌ಫಾಲ್ ಹೊಸ್ತಿಲಾಚೆ ನಿಂತೇ ರಟ್ಟಿನ ಹಲಗೆಯನ್ನು ಚಾಚಿದಳು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. ಅವಳ ತಮ್ಮ ಕ್ಲಿಫರ್ಡನ ನಾಮಪತ್ರದಲ್ಲಿ ಇದು ಏಳನೆಯ ಸಹಿ. ಇನ್ನು ಮೂರು ಸಿಕ್ಕರೆ ಹತ್ತಾಗುತ್ತದೆ, ಕೆಲಸ ಮುಗಿಯುತ್ತದೆ.

"ಅಂತೂ ಈ ಸಲ ನೀವು ಮೇಯರಮ್ಮ" ಎಂದಳು ಮಿಸೆಸ್ ಡಕ್ವರ್ತ್, ಸಹಿಯ ಬಾಲವನ್ನು ಉದ್ದಕ್ಕೆ ಎಳೆಯುತ್ತ. "ನಮ್ಮ ಬೀದಿಯವರ ಕೊರಳಲ್ಲಿ ಆ ಸರ ನೋಡೋ ಕಾಲ ಬಂತಲ್ಲ, ಸಾಕು. ಹ್ಯಾಟು ತಗೊಂಡ್ರಾ? ನೀಲಿ ಮಾತ್ರ ಬೇಡಿ ಮಾರಾಯ್ರೆ. ನಿಮ್ಮ ಬಣ್ಣಕ್ಕೆ ನೀಲಿ ಹಾಕಿದ್ರೆ ಈಗ ತಾನೆ ಆಸ್ಪತ್ರೆಯಿಂದ ಬಂದೋರ ಥರ ಕಾಣ್ತೀರಿ."

ಎನಿಡ್ ನಕ್ಕಳು. "ಮತದಾರರ ನಂಬರು ನಾನೇ ಬರ್ಕೋತೀನಿ, ನೀವು ಒಳಗೆ ಹೋಗಿ, ಒಲೆ ಮೇಲೆ ಏನೋ ಸೀಯ್ತಿದೆ" ಎಂದಷ್ಟೇ ಹೇಳಿ ಹಲಗೆಯನ್ನು ಎದೆಗವಚಿಕೊಂಡು ಬೀದಿಗಿಳಿದಳು. ತಾನು ಮೇಯರಮ್ಮ ಅಲ್ಲ ಎಂಬುದು ಅವಳಿಗೆ ಹಿಂದಿನ ದಿನ, ಭಾನುವಾರ, ಸಂಜೆ ಚಹಾದ ಹೊತ್ತಿಗೇ ಗೊತ್ತಾಗಿತ್ತು. ಏಳು ಮನೆಯಲ್ಲಿ ಏಳು ಜನ ಶುಭಾಶಯ ಹೇಳಿದ್ದರು. ಏಳು ಸಲವೂ ಅವಳು ಹೀಗೇ ನಕ್ಕಿದ್ದಳು.

ನಮ್ಮ ಹ್ಯಾಸ್ಲೋ ಹಳೆಯ ಊರು. ರಾಜನ ಮೊಹರು ಬಿದ್ದ ಸನ್ನದು, ಬೆಳ್ಳಿಯ ರಾಜದಂಡ, ಕೆಂಪು ನಿಲುವಂಗಿ ಎಲ್ಲ ನಾನೂರು ವರ್ಷದಿಂದ ನಮ್ಮಲ್ಲಿವೆ. ಪಕ್ಕದ ಬ್ರಿಗ್‌ಶಾದಲ್ಲಿ ಏನಿತ್ತು? ರೈಲ್ವೆ ಶೆಡ್ಡು ಮತ್ತು ನಮಗಿಂತ ಎರಡು ಪಟ್ಟು ಜನ. ಹೀಗಿರುವಾಗ ಎರಡು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ಲಂಡನ್ನಿನಲ್ಲಿ ಕೂತ ಯಾರೋ ನಕಾಶೆಯ ಮೇಲೆ ಗೆರೆ ಎಳೆದು ಎರಡೂ ಊರನ್ನು ಒಂದೇ 'ಬರೋ', ಅಂದರೆ ಒಂದೇ ಪುರಸಭೆ, ಮಾಡಿಬಿಟ್ಟರು. ಹೆಸರಿನ ಜಗಳ ಹರಿಯದೆ ಕೊನೆಗೆ ನದಿಯ ಹೆಸರಿಟ್ಟು ರೆಂಡಲ್‌ಡೇಲ್ ಎಂದರು, ಅದು ಯಾರಿಗೂ ಹಿಡಿಸಲಿಲ್ಲ. ಮೇಯರ್ ಒಂದು ವರ್ಷ ಅವರ ಊರಿನವನು, ಒಂದು ವರ್ಷ ನಮ್ಮವನು ಎಂದು ಒಪ್ಪಂದವಾಯಿತು. ಈ ವರ್ಷ ಹ್ಯಾಸ್ಲೋದ ಸರದಿ. ಹ್ಯಾಸ್ಲೋದಲ್ಲಿ ಎಲ್ಲರಿಗಿಂತ ಹಿರಿಯ ಕೌನ್ಸಿಲರ್ ಎಂದರೆ ಇಪ್ಪತ್ತೆರಡು ವರ್ಷದಿಂದ ಗೆಲ್ಲುತ್ತ ಬಂದ ಕ್ಲಿಫರ್ಡ್ ಥ್ರೆಲ್‌ಫಾಲ್, ಮಾರುಕಟ್ಟೆ ಮೂಲೆಯಲ್ಲಿ ಮೊಳೆ, ಬೀಜ, ಸೀಮೆಎಣ್ಣೆ ಮಾರುವವನು. ಈ ಸಲ ವಾರ್ಡು ಗೆದ್ದರೆ ಮೇಯರ್ ಅವನೇ.

ಮೇಯರನ ಹೆಂಡತಿ ತಾನಾಗಿಯೇ ಮೇಯರಮ್ಮ ಆಗುತ್ತಾಳೆ, ಅವಳಿಗೂ ಒಂದು ಚಿನ್ನದ ಸರವಿದೆ. ಹೆಂಡತಿ ಇಲ್ಲದವನು ಮಗಳನ್ನೋ ಅಕ್ಕತಂಗಿಯನ್ನೋ ಇನ್ನಾರನ್ನೋ ಹೆಸರಿಸುತ್ತಾನೆ. ಕ್ಲಿಫರ್ಡನ ಹೆಂಡತಿ ತೀರಿಕೊಂಡು ಹದಿನಾರು ವರ್ಷವಾಗಿತ್ತು. ಆಗ ಪ್ರೆಸ್ಟನ್ನಿನ ವಿಮಾ ಕಚೇರಿಯಲ್ಲಿದ್ದ ಅಕ್ಕ ಎನಿಡ್ ಒಂದು ತಿಂಗಳ ಮಟ್ಟಿಗೆಂದು ಸೂಟ್‌ಕೇಸು ಹಿಡಿದು ಬಂದವಳು ವಾಪಸು ಹೋಗಲೇ ಇಲ್ಲ. ಚರಂಡಿ ಕಟ್ಟಿಕೊಂಡರೆ ಜನ ಫೋನು ಮಾಡುವುದು ಕೌನ್ಸಿಲರಿಗೆ, ಎತ್ತುವುದು ಎನಿಡ್. ಬೀದಿದೀಪದ ಅರ್ಜಿ ಬರೆಯುವುದು, ಯಾರ ಮನೆಯ ಛಾವಣಿ ಸೋರುತ್ತದೆಂದು ನೆನಪಿಡುವುದು, ಚುನಾವಣೆ ಬಂದರೆ ಹತ್ತು ಸಹಿ ಹಾಕಿಸಿ ನಾಮಪತ್ರ ಒಪ್ಪಿಸುವುದು, ಎಲ್ಲವೂ ಅವಳೇ. ಸಭೆಯಲ್ಲಿ ಕೈ ಎತ್ತುವುದೊಂದೇ ಕ್ಲಿಫರ್ಡನ ಪಾಲಿನ ಕೆಲಸ ಎಂದು ವಾರ್ಡಿನವರು ಆಡಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದಾಗಲೆಲ್ಲ ಎನಿಡ್‌ಗೆ ಒಳಗೊಳಗೇ ಹಿತವಾಗುತ್ತಿತ್ತು.

ಆ ಭಾನುವಾರ ಅವನು ಸಾಲ್ಮನ್ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದೇ ಮಾತು ತೆಗೆದಿದ್ದ. "ಆಹ್ವಾನ ಪತ್ರ ಅಚ್ಚಿಗೆ ಹೋಗ್ಬೇಕಂತೆ. ಟೌನ್ ಹಾಲಿನವರು ಮೇಯರಮ್ಮನ ಹೆಸರು ಕೇಳಿದ್ರು."

ಎನಿಡ್ ಚಹಾದ ಕೆಟಲು ಕೆಳಗಿಟ್ಟಳು. ಏನೂ ಗೊತ್ತಿಲ್ಲದವಳ ಹಾಗೆ ಮುಖ ಮಾಡಿಕೊಳ್ಳಲು ಎರಡು ವಾರದಿಂದ ತಯಾರಾಗಿದ್ದಳು. "ಹೌದಾ? ಏನಂದೆ?"

"ಮೋನಾ ಹೆಸರು ಕೊಟ್ಟೆ."

"ಯಾವ ಮೋನಾ?"

ಎರಡೂ ಊರಿಗೆ ಸೇರಿ ಇದ್ದದ್ದು ಒಬ್ಬಳೇ ಮೋನಾ. ಬ್ರಿಗ್‌ಶಾದ ಹಳೆಯ ಕೌನ್ಸಿಲಿನ ಕೊನೆಯ ಅಧ್ಯಕ್ಷನ ವಿಧವೆ ಮೋನಾ ಹಾರ್ಗ್ರೀವ್ಸ್, ಐವತ್ತೊಂದು ವರ್ಷ, ನರಿತುಪ್ಪಳದ ಕಾಲರಿನ ಕೋಟು.

"ಎರಡೂ ಊರಿಗೆ ಸಮಾಧಾನ ಆಗುತ್ತೆ ನೋಡು" ಎಂದ ಕ್ಲಿಫರ್ಡ್. "ಮೇಯರ್ ಇಲ್ಲಿಯವನು, ಮೇಯರಮ್ಮ ಅಲ್ಲಿಯವಳು. ಪೇಪರಿನವರೂ ಮೆಚ್ಕೋತಾರೆ. ಅಲ್ದೆ ನಿನಗೆ ಇದೆಲ್ಲ ಆಗಿಬರಲ್ಲ. ಜನ, ಭಾಷಣ, ಫೋಟೋ, ಗಂಟೆಗಟ್ಟಲೆ ನಿಂತ್ಕೊಳ್ಳೋದು."

"ಆಗಿಬರಲ್ಲ ಅಂತ ಯಾರು ಹೇಳಿದ್ದು?"

"ಹೇಳೋದೇನು? ನೀನು ಎಂಥೋಳು ಅಂತ ನನಗೆ ಗೊತ್ತಿಲ್ವಾ?" ಅವನ ಕಿವಿಯ ತುದಿ ಕೆಂಪಾಗಿತ್ತು. ತೀರಿಹೋದ ಹೆಂಡತಿಯ ಫೋಟೋದ ಕಡೆ ಒಮ್ಮೆ ನೋಡಿ ಇನ್ನೊಂದು ಸ್ಯಾಂಡ್‌ವಿಚ್ ತೆಗೆದುಕೊಂಡ. "ಆಮೇಲೆ, ನಾಮಪತ್ರ ಮರೀಬೇಡ. ಶುಕ್ರವಾರ ಹನ್ನೆರಡು ಗಂಟೆಯೊಳಗೆ."

ಎನಿಡ್ ಪಾತ್ರೆ ತೊಳೆದಳು. ಒಂದು ಬಟ್ಟಲೂ ಒಡೆಯಲಿಲ್ಲ, ಅಷ್ಟೂ ಉರಿ ಹೊಟ್ಟೆಯಲ್ಲೇ ಉಳಿಯಿತು. ಮೇಯರಮ್ಮನ ಆ ಸರವನ್ನು ಹ್ಯಾಸ್ಲೋದ ಹೆಂಗಸರು ಮನೆಮನೆಯಿಂದ ಪೆನ್ನಿ ಸೇರಿಸಿ ಮಾಡಿಸಿದ್ದು. ಅವಳ ಅಜ್ಜಿಯೂ ಕೊಟ್ಟಿದ್ದಳು. ಅದು ಬ್ರಿಗ್‌ಶಾದ ಕೊರಳಿಗೆ ಹೋಗುತ್ತದೆ ಎಂಬುದು ಒಂದು ನೋವು, ಹಾಗೆಂದು ಹೇಳಿಕೊಂಡರೆ ಊರೇ ಒಪ್ಪುತ್ತಿತ್ತು. ಹೇಳಿಕೊಳ್ಳಲಾಗದ ನೋವು ಬೇರೆ ಇತ್ತು. ಮೋನಾಗೆ ಚಂದದ ಹಲ್ಲುಗಳಿದ್ದವು. ಮೋನಾ ನಕ್ಕರೆ ಗಂಡಸರು ತಾವೇ ದೊಡ್ಡ ತಮಾಷೆ ಮಾಡಿದವರಂತೆ ಎದೆಯುಬ್ಬಿಸುತ್ತಿದ್ದರು. ಮೋನಾಳ ಎಡಗೈ ಕಿರುಬೆರಳು ಸೊಟ್ಟಗಿದೆ ಎಂಬುದನ್ನು ಎನಿಡ್ ಆ ವಾರದಲ್ಲಿ ಮೂರು ಸಲ ನೆನಪು ಮಾಡಿಕೊಂಡಳು. ಅದರಿಂದ ಸ್ವಲ್ಪ ಹೊತ್ತು ಸಮಾಧಾನವಾಗುತ್ತಿತ್ತು, ಆಮೇಲೆ ಇನ್ನಷ್ಟು ಉರಿಯುತ್ತಿತ್ತು.

ಬುಧವಾರ ಮಧ್ಯಾಹ್ನ ಮೋನಾ ಮನೆಗೇ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಅದರಲ್ಲಿ ಆರು ಕಸ್ಟರ್ಡ್ ಟಾರ್ಟು.

"ಎನಿಡ್, ನೀವು ಬೇಜಾರು ಮಾಡ್ಕೊಂಡಿಲ್ಲ ತಾನೆ? ನನಗೆ ಅದೇ ಚಿಂತೆ ಇತ್ತು. ಕ್ಲಿಫ್‌ನ ಕೇಳ್ದೆ. 'ಅಯ್ಯೋ, ಅವಳಿಗೆ ನಿರಾಳ ಆಯ್ತು' ಅಂದ್ರು."

ಕ್ಲಿಫ್! ಹೆತ್ತ ತಾಯಿ ಅವನ ಹೆಸರನ್ನು ಮೊಟಕು ಮಾಡಿದವಳಲ್ಲ, ಕಟ್ಟಿಕೊಂಡ ಹೆಂಡತಿಯೂ ಅಲ್ಲ. "ಹೌದು, ನಿರಾಳವೇ" ಎಂದಳು ಎನಿಡ್. "ಕೂತ್ಕೊಳ್ಳಿ. ಕೋಟು ಕೊಡಿ."

ಕೋಟು ಕೈಯಲ್ಲಿ ಭಾರವಾಗಿತ್ತು, ಒಳ್ಳೆಯ ವಾಸನೆ ಬರುತ್ತಿತ್ತು. ಅವಳು ಅದನ್ನು ಬೇಕೆಂದೇ ಒದ್ದೆ ಛತ್ರಿಯ ಪಕ್ಕದ ಗೂಟಕ್ಕೆ ತಗುಲಿಹಾಕಿದಳು.

"ನೀವು ನನಗೊಂದು ಉಪಕಾರ ಮಾಡ್ಬೇಕು" ಎಂದಳು ಮೋನಾ. "ಹ್ಯಾಸ್ಲೋದಲ್ಲಿ ಯಾರಿಗೆ ಯಾರನ್ನ ಕಂಡ್ರೆ ಆಗಲ್ಲ, ಯಾರ ಮಗ ಜೈಲಲ್ಲಿದ್ದಾನೆ, ಯಾರ ಪಕ್ಕ ಯಾರನ್ನ ಕೂರಿಸಬಾರದು, ನನಗೆ ಒಂದೂ ಗೊತ್ತಿಲ್ಲ. ಒಂದು ಪುಸ್ತಕದಲ್ಲಿ ಬರ್ಕೊಡ್ತೀರಾ? ಕ್ಲಿಫ್ ಹೇಳ್ತಾರೆ, ಎನಿಡ್ ತಲೆಯಲ್ಲಿ ಇಡೀ ವಾರ್ಡೇ ಇದೆ ಅಂತ."

ಎನಿಡ್ ಪುಸ್ತಕ ತಂದು ಬರೆಯತೊಡಗಿದಳು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ, ಮೇಲಾಗಿ ತನಗೆ ಗೊತ್ತಿರುವುದು ಎಷ್ಟೆಂದು ತೋರಿಸುವ ಆಸೆಯೂ ಇತ್ತು. ಎರಡು ಪುಟ ತುಂಬಿತು. ಮೋನಾ ಭುಜದ ಮೇಲಿಂದ ಬಗ್ಗಿ ಓದುತ್ತ ಎಲ್ಲದಕ್ಕೂ ನಗುತ್ತಿದ್ದಳು.

"ಸುಳ್ಳು ಯಾಕೆ ಹೇಳ್ಲಿ ಎನಿಡ್, ನಮ್ಮವರು ಅಧ್ಯಕ್ಷರಾಗಿದ್ದಾಗ ನನಗೆ ಸಿಕ್ಕಿದ್ದು ಒಂದು ತಗಡಿನ ಬ್ಯಾಡ್ಜು. ಸಮಾರಂಭಗಳಲ್ಲಿ ನಿಮ್ಮೂರ ಮೇಯರಮ್ಮಂದಿರು ಆ ಸರ ಹಾಕ್ಕೊಂಡು ಬರ್ತಿದ್ರು ನೋಡಿ, ಹೊಟ್ಟೆ ಉರಿದುಹೋಗ್ತಿತ್ತು. ಒಂದ್ಸಲ ಒಬ್ಬರ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿದ್ದೆ!"

ಇಷ್ಟು ಸಲೀಸಾಗಿ ಹೇಳಿ ಅವಳು ಬೆರಳಿಗಂಟಿದ ಕಸ್ಟರ್ಡು ನೆಕ್ಕಿಕೊಂಡಳು. ಎನಿಡ್‌ಗೆ ಅದನ್ನೂ ಸಹಿಸಲಾಗಲಿಲ್ಲ. ತನ್ನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿರುವುದನ್ನು ಈ ಹೆಂಗಸು ನಗುನಗುತ್ತ ಮೇಜಿನ ಮೇಲೆ ಹರವಿಬಿಟ್ಟಳಲ್ಲ, ಅವಳನ್ನು ದ್ವೇಷಿಸಲು ಕೂಡ ಸರಿಯಾದ ಹಿಡಿ ಸಿಗುತ್ತಿಲ್ಲವಲ್ಲ ಎನಿಸಿತು. ಅಷ್ಟರಲ್ಲಿ ಅಂಗಡಿಯಿಂದ ಊಟಕ್ಕೆ ಬಂದ ಕ್ಲಿಫರ್ಡ್ ನಿಂತ ಕಾಲಲ್ಲೇ ಎರಡು ಟಾರ್ಟು ತಿಂದ.

"ಎನಿಡ್, ಇದನ್ನ ಹೇಗೆ ಮಾಡೋದು ಅಂತ ಕೇಳ್ಕೊಂಡು ಇಟ್ಕೋ" ಎಂದ. "ನೀನು ಮಾಡಿದ್ರೆ ತಳ ಯಾವಾಗಲೂ ಹಸಿ ಇರುತ್ತೆ."

ಅಷ್ಟೇ. ಇನ್ನೇನೂ ಆಗಲಿಲ್ಲ. ಆದರೆ ಗುರುವಾರ ಬೆಳಗ್ಗೆ ಎನಿಡ್ ಹಲಗೆ ಹಿಡಿದು ಕ್ಯಾನಲ್ ಸ್ಟ್ರೀಟಿಗೆ ಹೊರಟಾಗ ಅವಳ ಮನಸ್ಸು ಒಂದು ತೀರ್ಮಾನಕ್ಕೆ ಬಂದಿತ್ತು.

ಏಳು ಮತ್ತು ಒಂಬತ್ತನೆಯ ನಂಬರಿನ ಮನೆಗಳಲ್ಲಿ ಎಂಟನೆಯ, ಒಂಬತ್ತನೆಯ ಸಹಿ ಸಿಕ್ಕಿದವು. ಹತ್ತನೆಯದು ಎಂದಿನಂತೆ ಹನ್ನೊಂದನೆಯ ಮನೆಯ ಮಿಸ್ಟರ್ ಕರ್ಷಾನದು. ಆತ ಅಂಗಳದಲ್ಲಿ ಸೈಕಲ್ಲು ಒರೆಸುತ್ತ ಕೂತಿದ್ದ, ಅವಳನ್ನು ಕಂಡು ಎದ್ದೂ ನಿಂತ. ಎನಿಡ್ ಅವನಿಗೆ ಕೈಬೀಸಿ ರಸ್ತೆ ದಾಟಿದಳು.

ಊರುಗಳನ್ನು ಸೇರಿಸಿದಾಗ ವಾರ್ಡುಗಳನ್ನೂ ಹೊಸದಾಗಿ ಕತ್ತರಿಸಿದ್ದರು. ಕ್ಯಾನಲ್ ಸ್ಟ್ರೀಟಿನ ನಟ್ಟನಡುವೆ ಗೆರೆ ಬಿದ್ದಿತ್ತು. ಬೆಸ ನಂಬರಿನ ಮನೆಗಳು ಕ್ಲಿಫರ್ಡನ ವಾರ್ಡಿಗೆ, ಸಮ ನಂಬರಿನವು ಪಕ್ಕದ ವಾರ್ಡಿಗೆ. ಇದು ಊರಿನ ಅರ್ಧ ಜನಕ್ಕೆ ಗೊತ್ತಿರಲಿಲ್ಲ, ಕ್ಲಿಫರ್ಡನಿಗೂ ನೆನಪಿರಲಿಲ್ಲ. ಮನೆಯ ಗೋಡೆಯ ನಕಾಶೆಯಲ್ಲಿ ಕೆಂಪು ಪೆನ್ಸಿಲಿನಿಂದ ಆ ಗೆರೆ ಎಳೆದವಳು ಎನಿಡ್. ಹತ್ತು ಸಹಿಯಲ್ಲಿ ಒಂದು ಹೊರವಾರ್ಡಿನದಾದರೂ ನಾಮಪತ್ರ ತಿರಸ್ಕೃತ. ಶುಕ್ರವಾರ ಹನ್ನೆರಡು ಹೊಡೆದ ಮೇಲೆ ಸರಿಪಡಿಸಲು ದಾರಿಯಿಲ್ಲ. ಕ್ಲಿಫರ್ಡ್ ಕೌನ್ಸಿಲರಾಗಿಯೇ ಉಳಿಯುವುದಿಲ್ಲ, ಕೌನ್ಸಿಲರಲ್ಲದವನು ಮೇಯರಾಗುವುದಿಲ್ಲ, ಮೇಯರಿಲ್ಲದ ಮೇಲೆ ಮೋನಾ ಯಾವ ಊರಿನ ಮೇಯರಮ್ಮ?

ಹದಿನಾಲ್ಕನೆಯ ಮನೆಯ ಮಿಸೆಸ್ ಓರ್ಮೆರಾಡ್‌ಗೆ ಎಂಬತ್ತು ದಾಟಿತ್ತು. "ನನ್ನ ಸಹಿಯಾ? ನನ್ನದು ಯಾರಿಗೆ ಬೇಕಮ್ಮಾ?" ಎನ್ನುತ್ತ ಆಕೆ ಕನ್ನಡಕ ಹುಡುಕಿ, ಟೋಪಿ ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವಳಂತೆ ನೆಟ್ಟಗೆ ಕೂತು ಹೆಸರು ಬರೆದಳು. "ಕ್ಲಿಫರ್ಡ್ ಒಳ್ಳೆಯ ಹುಡುಗ. ನಿನ್ನಂಥ ಅಕ್ಕ ಇರೋವಾಗ ಅವನಿಗೇನು ಕಮ್ಮಿ?"

ಎನಿಡ್ ಸಹಿಯ ಪಕ್ಕದಲ್ಲಿ ಮತದಾರರ ನಂಬರು, ಮನೆಯ ವಿಳಾಸ ಬರೆದಳು. ಸಂಜೆ ಕ್ಲಿಫರ್ಡನ ಮುಂದೆ ಕಾಗದ ಇಟ್ಟಾಗ ಅವನು ತನ್ನ ಒಪ್ಪಿಗೆಯ ಜಾಗದಲ್ಲಿ ಸಹಿ ಹಾಕಿ ಪೇಪರಿನ ಕಡೆ ತಿರುಗಿದ.

"ಹೆಸರು ಒಂದ್ಸಲ ನೋಡ್ತೀಯಾ?" ಎಂದಳು.

"ನೀನು ನೋಡಿದ್ದೀಯಲ್ಲ" ಎಂದ ಅವನು.

ಶುಕ್ರವಾರ ಹನ್ನೊಂದೂ ಮುಕ್ಕಾಲಿಗೆ ಅವಳು ಟೌನ್ ಹಾಲಿನ ಮೆಟ್ಟಿಲು ಹತ್ತಿದಳು. ಬೇಗ ಹೋದರೆ ಸರಿಪಡಿಸಲು ಸಮಯ ಸಿಗುತ್ತದೆ ಎಂದು ಮಾರುಕಟ್ಟೆಯಲ್ಲಿ ಎರಡು ಸುತ್ತು ಹಾಕಿ ಬಂದಿದ್ದಳು. ಚುನಾವಣಾ ಗುಮಾಸ್ತ ಡೆನಿಸ್ ಓಲ್ಡ್‌ರಾಯ್ಡ್ ಕೌಂಟರಿನ ಹಿಂದೆ ಬೆವರುತ್ತಿದ್ದ.

"ಬನ್ನಿ, ಮಿಸ್ ಥ್ರೆಲ್‌ಫಾಲ್, ಬನ್ನಿ. ನಿಮ್ಮನ್ನ ನೋಡಿದ್ರೆ ಜೀವ ಬಂದ ಹಾಗಾಗುತ್ತೆ. ಬೆಳಗ್ಗೆಯಿಂದ ಆರು ಕಾಗದ ವಾಪಸ್ ಕಳಿಸಿದೀನಿ ನೋಡಿ. ಒಬ್ಬ ತನ್ನ ಸಹಿ ತಾನೇ ಎರಡು ಸಲ ಹಾಕಿದ್ದಾನೆ. ಇನ್ನೊಬ್ಬನ ಅನುಮೋದಕ ಸತ್ತು ಆರು ತಿಂಗಳಾಗಿದೆ. ಬ್ರಿಗ್‌ಶಾದವನೊಬ್ಬ ಕಾಗದದಲ್ಲಿ ಮೀನು ಕಟ್ಕೊಂಡು ತಂದಿದ್ದ!"

ಎನಿಡ್ ನಾಮಪತ್ರವನ್ನು ಮಡಿಕೆ ಬಿಚ್ಚಿ ಕೌಂಟರಿನ ಮೇಲಿಟ್ಟಳು. ಓಲ್ಡ್‌ರಾಯ್ಡ್ ಅದನ್ನು ತನ್ನ ಕಡೆ ಎಳೆದುಕೊಂಡು ಮೊಹರನ್ನು ಶಾಯಿಗೆ ಒತ್ತಿದ.

"ನೋಡಲ್ವಾ?" ಎಂದಳು.

"ಏನು?"

"ಹೆಸರು, ನಂಬರು. ಪಟ್ಟಿ ಜೊತೆ ತಾಳೆ ಹಾಕಿ ನೋಡಲ್ವಾ?"

"ನಿಮ್ಮದನ್ನಾ?" ಅವನಿಗೆ ನಗು ಬಂತು. "ಹದಿನಾರು ವರ್ಷದಿಂದ ತರ್ತಿದೀರಿ, ಒಂದು ಚುಕ್ಕೆ ತಪ್ಪಿಲ್ಲ. ನಮ್ಮ ಸಾಹೇಬರೇ ಹೇಳ್ತಾರೆ, ಥ್ರೆಲ್‌ಫಾಲ್ ಕಾಗದ ಬಂದ್ರೆ ನೇರ ಟ್ರೇಗೆ ಹಾಕು, ನಾನು ಸಹಿ ಮಾಡ್ತೀನಿ ಅಂತ. ಅವಿರೋಧ ಆಯ್ಕೆ ಅಂತ ಸಂಜೆ ಬೋರ್ಡಿಗೆ ಹಾಕಿದ್ರಾಯ್ತು."

ಎನಿಡ್ ಈ ಗಳಿಗೆಯನ್ನು ನಿನ್ನೆಯಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು. ಓಲ್ಡ್‌ರಾಯ್ಡ್‌ನ ಬೆರಳು ಒಂದೊಂದೇ ಹೆಸರಿನ ಮೇಲೆ ಇಳಿದು ಹತ್ತನೆಯದರ ಮೇಲೆ ನಿಲ್ಲುತ್ತದೆ, ಅವನು ತಲೆ ಎತ್ತಿ ನೋಡುತ್ತಾನೆ, ಅಷ್ಟು ಹೊತ್ತಿಗೆ ಗಡಿಯಾರ ಹನ್ನೆರಡು ಹೊಡೆಯುತ್ತದೆ. ಆಗ ಊರಿಗೆ ಊರೇ ಕೇಳುತ್ತದೆ, ಎನಿಡ್ ಹೀಗೇಕೆ ಮಾಡಿದಳು ಎಂದು. ಕ್ಲಿಫರ್ಡ್ ಮನೆಗೆ ಬಂದು ಅವಳ ಮುಖ ನೋಡುತ್ತಾನೆ, ಕೊನೆಗೂ ಒಂದು ಸಲ ಸರಿಯಾಗಿ ನೋಡುತ್ತಾನೆ. ಆದರೆ ಇವನು ನೋಡುವುದೇ ಇಲ್ಲ ಎನ್ನುತ್ತಿದ್ದಾನೆ. ಮೊಹರು ಬೀಳುತ್ತದೆ, ತಪ್ಪು ಕಾಗದ ಸರಿಯಾದ ಟ್ರೇ ಸೇರುತ್ತದೆ, ತಮ್ಮ ಮೇಯರಾಗುತ್ತಾನೆ, ಮೋನಾ ಸರ ಹಾಕಿಕೊಳ್ಳುತ್ತಾಳೆ. ಎನಿಡ್ ಥ್ರೆಲ್‌ಫಾಲ್ ಈ ಲೋಕದಲ್ಲಿ ಒಂದು ದಿನವಾದರೂ ಹೊಟ್ಟೆಕಿಚ್ಚು ಪಟ್ಟಿದ್ದಳೆಂದು ಯಾರಿಗೂ ತಿಳಿಯುವುದಿಲ್ಲ. ಕ್ಲಿಫರ್ಡ್ ಗೆದ್ದರೆ ಗೆಲ್ಲಲಿ, ಇದನ್ನು ಮಾತ್ರ ಅವಳಿಂದ ತಡೆದುಕೊಳ್ಳಲಾಗಲಿಲ್ಲ.

ಮೊಹರು ಕೆಳಗಿಳಿಯುವಷ್ಟರಲ್ಲಿ ಅವಳು ಕಾಗದದ ಮೇಲೆ ಕೈಯಿಟ್ಟಳು. ಓಲ್ಡ್‌ರಾಯ್ಡ್ ಬೆಚ್ಚಿದ. "ಅಯ್ಯೋ, ಬೆರಳಿಗೆ ಹೊಡೀತಿದ್ನಲ್ಲ!"

"ಹತ್ತನೆಯವರು ಎಲ್ಲಿಯವರು ನೋಡಿ."

"ಕ್ಯಾನಲ್ ಸ್ಟ್ರೀಟು."

"ಮನೆ ನಂಬರು?"

"ಹದಿನಾಲ್ಕು." ಅವನ ತುಟಿ ಅಲುಗಿತು. ಎದ್ದು ಗೋಡೆಯ ನಕಾಶೆಯ ಹತ್ತಿರ ಹೋಗಿ ಬಂದ. ಅವನ ಬೋಳುತಲೆ ಕೆಂಪಾಗಿತ್ತು. "ಸಮ ನಂಬರು! ಇದು ಆ ಕಡೆ ವಾರ್ಡು! ಮಿಸ್ ಥ್ರೆಲ್‌ಫಾಲ್, ಇನ್ನು ಎಂಟು ನಿಮಿಷ ಇದೆ. ಯಾವಾಗಲೂ ಸಹಿ ಹಾಕೋ ಕರ್ಷಾನ ಮನೆಗೆ ಓಡಿದ್ರೂ ಆಗಲ್ಲ. ವಾರ್ಡಿನವರು ಯಾರಾದ್ರೂ..." ಅವನು ಅವಳನ್ನೇ ದಿಟ್ಟಿಸಿದ. "ನೀವೇ ಇದೀರಲ್ಲ!"

ಮನೆಯವರಲ್ಲದವರ ಸಹಿಗೇ ತೂಕ ಹೆಚ್ಚು ಎಂದು ಕ್ಲಿಫರ್ಡ್ ಎಂದೂ ಅಕ್ಕನ ಸಹಿ ಹಾಕಿಸಿದವನಲ್ಲ. ಓಲ್ಡ್‌ರಾಯ್ಡ್ ಅವಸರವಸರವಾಗಿ ಪೆನ್ನು ಚಾಚಿದ. "ಮೊಹರು ಬಿದ್ದಿಲ್ಲ, ಇನ್ನೂ ನಡೆಯುತ್ತೆ. ಅದನ್ನ ಹೊಡೆದುಹಾಕಿ, ಮೇಲೆ ನಿಮ್ಮದನ್ನ ಬರೀರಿ. ಬರೀರಿ ಅಂದೆ!"

ಎನಿಡ್ ತನ್ನದೇ ಪೆನ್ನು ತೆಗೆದಳು. ಮಿಸೆಸ್ ಓರ್ಮೆರಾಡ್ ನೆಟ್ಟಗೆ ಕೂತು ಬರೆದಿದ್ದ ಹೆಸರಿನ ಮೇಲೆ ಒಂದು ಗೆರೆ ಎಳೆದು ತನ್ನ ಹೆಸರು, ತನ್ನ ನಂಬರು ಬರೆದಳು. ಅವನು ತಕ್ಷಣ ಮೊಹರು ಒತ್ತಿ ಗಡಿಯಾರ ನೋಡಿ ಸಮಯ ಗುರುತು ಹಾಕಿದ. ಆಮೇಲೆ ಕುರ್ಚಿಯಲ್ಲಿ ಕುಸಿದು ಕರ್ಚೀಫಿನಿಂದ ತಲೆ ಒರೆಸಿಕೊಂಡ.

"ಸದ್ಯ, ನಿಮ್ಮ ಕಣ್ಣಿಗೇ ಬಿತ್ತಲ್ಲ. ಬಿಡಿ, ಮನಸ್ಸಿಗೆ ಹಚ್ಕೋಬೇಡಿ. ಯಾರಿಗಾದ್ರೂ ಕಣ್ತಪ್ಪುತ್ತೆ."

"ಕಣ್ತಪ್ಪಿದ್ದಲ್ಲ" ಎಂದಳು ಎನಿಡ್.

"ಅಂದ್ರೆ?"

"ಬೇಕಂತಲೇ ಹಾಕಿಸಿದ್ದು. ಅವನು ಮೇಯರ್ ಆಗಬಾರದು ಅಂತ. ಆ ಸರ ಅವಳ ಕೊರಳಿಗೆ ಬೀಳಬಾರದು ಅಂತ. ನನಗೆ ಹೊಟ್ಟೆಕಿಚ್ಚು, ಮಿಸ್ಟರ್ ಓಲ್ಡ್‌ರಾಯ್ಡ್. ಒಂದು ವಾರದಿಂದ ಅನ್ನ ನೀರು ಸೇರ್ತಿಲ್ಲ, ಅಷ್ಟು ಹೊಟ್ಟೆಕಿಚ್ಚು."

ಓಲ್ಡ್‌ರಾಯ್ಡ್ ಬಾಯಿ ತೆರೆದು ಅವಳನ್ನೇ ನೋಡಿದ. ಬೂದು ಬಣ್ಣದ ಕೋಟು, ಕೊರಳವರೆಗೆ ಹಾಕಿದ ಗುಂಡಿ, ಎರಡೂ ಕೈಯಲ್ಲಿ ಹಿಡಿದ ಚೀಲ. ಅವನ ಭುಜ ಅಲುಗತೊಡಗಿತು, ಹೊಟ್ಟೆ ಅಲುಗಿತು, ಕೊನೆಗೆ ಕುರ್ಚಿಯೇ ಕಿರುಗುಟ್ಟುವಷ್ಟು ನಕ್ಕ. ಕಣ್ಣಲ್ಲಿ ನೀರು ಬಂತು.

"ನೀವಾ! ಅಯ್ಯಯ್ಯೋ, ನೀವಾ! ಮುಖದಲ್ಲಿ ಒಂದು ಎಳೆ ನಗು ಇಲ್ದೆ ಹೇಳಿಬಿಟ್ರಲ್ಲ! ಮಿಸ್ ಥ್ರೆಲ್‌ಫಾಲ್‌ಗೂ ತಮಾಷೆ ಬರುತ್ತೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ನಿಂತಿರಿ, ಒಂದು ನಿಮಿಷ. ಒಳಗೆ ಹುಡುಗಿಯರಿಗೆ ಹೇಳಿ ಬರ್ತೀನಿ, ಇದನ್ನ ನಾನೊಬ್ಬನೇ ಇಟ್ಕೊಳ್ಳೋಕೆ ಆಗಲ್ಲ."

ಅವನು ನಾಮಪತ್ರ ಹಿಡಿದುಕೊಂಡೇ ಒಳಗೆ ಹೋದ. ಗಾಜಿನ ಬಾಗಿಲಾಚೆ ಟೈಪ್‌ರೈಟರುಗಳು ಒಂದೊಂದಾಗಿ ನಿಂತವು. ಅವನ ದನಿ ಕೇಳಿಸಿತು, ಆಮೇಲೆ ನಾಲ್ಕೈದು ಹೆಣ್ಣು ದನಿಗಳು ಒಟ್ಟಿಗೆ ನಕ್ಕವು. ಮೇಲೆ ಗೋಪುರದ ಗಡಿಯಾರ ಹನ್ನೆರಡು ಹೊಡೆಯತೊಡಗಿತು. ಎನಿಡ್ ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗಿಟ್ಟು, ರಸೀದಿಗಾಗಿ ಕಾಯುತ್ತ ಕೌಂಟರಿನ ಮುಂದೆ ನಿಂತಳು.